ಗ್ಲೆನ್ ಸೀಬೋರ್ಗ್: ಪರಮಾಣು ಬೀಜದ ಕೆಲಸದಲ್ಲಿ ರಸಾಯನಶಾಸ್ತ್ರಜ್ಞನ ಪಾಲೇನು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಆವರ್ತ ಕೋಷ್ಟಕ ತೋರಿಸುತ್ತಿದ್ದಾಗ 106ನೇ ಧಾತು ಸೀಬೋರ್ಗಿಯಂ ನೋಡಿ ಒಬ್ಬ ಹುಡುಗಿ ‘ಇದು ಯಾರ ಹೆಸರು?’ ಎಂದು ಕೇಳಿದಳು. ಪ್ಲುಟೋನಿಯಂ ಕಂಡುಹಿಡಿದವರ ಹೆಸರು ಎಂದಷ್ಟೇ ಹೇಳಿ ಮುಂದೆ ಹೋದೆ. ಆಮೇಲೆ ನನಗೇ ಸಂದೇಹಗಳು ಶುರುವಾದವು. ಪರಮಾಣುವಿನ ಬೀಜದ ವ್ಯವಹಾರವೆಲ್ಲ ಭೌತವಿಜ್ಞಾನದ್ದಲ್ಲವೇ? ಅದರಲ್ಲಿ ರಸಾಯನಶಾಸ್ತ್ರಜ್ಞರಿಗೆ ಏನು ಕೆಲಸ? ಕೋಷ್ಟಕದ ಕೆಳಗೆ ಎರಡು ಸಾಲನ್ನು ಪ್ರತ್ಯೇಕವಾಗಿ ಬರೆಯುವುದಕ್ಕೂ ಇವರಿಗೂ ಸಂಬಂಧವಿದೆಯಂತೆ, ಹೌದೇ? ಬಾಂಬಿನ ವಿಷಯದಲ್ಲಿ ಇವರ ನಿಲುವೇನಿತ್ತು?

ಉತ್ತರ: ನಿಮ್ಮ ಮೊದಲ ಸಂದೇಹದಿಂದಲೇ ಶುರು ಮಾಡುತ್ತೇನೆ, ಉಳಿದವೆಲ್ಲ ಅದರ ಬಾಲ ಹಿಡಿದೇ ಬರುತ್ತವೆ. ಯುರೇನಿಯಂಗೆ ವೇಗದ ಕಣಗಳಿಂದ ಹೊಡೆದು ಒಂದು ಹೊಸ ಧಾತು ಹುಟ್ಟಿಸಿದಿರಿ ಎಂದುಕೊಳ್ಳಿ. ಎಷ್ಟು ಹುಟ್ಟಿತು? ಕಣ್ಣಿಗೆ ಕಾಣದಷ್ಟು, ಯಾವ ತಕ್ಕಡಿಗೂ ಸಿಗದಷ್ಟು. ಅದರ ಸುತ್ತ ಅದಕ್ಕಿಂತ ಕೋಟಿ ಕೋಟಿ ಪಟ್ಟು ಯುರೇನಿಯಂ, ಜೊತೆಗೆ ಒಡೆದ ಬೀಜಗಳಿಂದ ಬಂದ ಹತ್ತಾರು ವಿಕಿರಣಶೀಲ ಧಾತುಗಳ ಗದ್ದಲ. ಎಣಿಕೆಯಂತ್ರ ಟಿಕ್ ಟಿಕ್ ಎನ್ನುತ್ತದೆ, ಆದರೆ ಆ ಸದ್ದು ಮಾಡುತ್ತಿರುವುದು ಯಾರು ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳಬೇಕಾದವನು ರಸಾಯನಶಾಸ್ತ್ರಜ್ಞ. ಅವನು ಎಲ್ಲವನ್ನೂ ಆಮ್ಲದಲ್ಲಿ ಕರಗಿಸುತ್ತಾನೆ, ಒಂದು ಲವಣ ಸೇರಿಸಿ ಪ್ರಕ್ಷೇಪ ತಳಕ್ಕಿಳಿಯುವಂತೆ ಮಾಡುತ್ತಾನೆ. ಆಮೇಲೆ ನೋಡುತ್ತಾನೆ: ಸದ್ದು ಪ್ರಕ್ಷೇಪದ ಜೊತೆ ಕೆಳಗೆ ಹೋಯಿತೋ, ದ್ರಾವಣದಲ್ಲೇ ಉಳಿಯಿತೋ? ಬೇರಿಯಂ ಜೊತೆ ಹೋದರೆ ಅದಕ್ಕೆ ಬೇರಿಯಂನ ಗುಣ, ಥೋರಿಯಂ ಜೊತೆ ಹೋದರೆ ಥೋರಿಯಂನ ಗುಣ. ಯಾರ ಜೊತೆಗೂ ಪೂರ್ತಿ ಹೋಗದೆ ತನ್ನದೇ ದಾರಿ ಹಿಡಿದರೆ, ಆಗ ಹೊಸಬರು ಬಂದಿದ್ದಾರೆ ಎಂದರ್ಥ. ಗ್ಲೆನ್ ಸೀಬೋರ್ಗ್ ಅರವತ್ತು ವರ್ಷ ಮಾಡಿದ್ದು ಮೂಲತಃ ಈ ಕೆಲಸವನ್ನೇ.

ಹುಟ್ಟಿದ್ದು 1912ರ ಏಪ್ರಿಲ್ 19ರಂದು, ಅಮೆರಿಕದ ಮಿಷಿಗನ್ ರಾಜ್ಯದ ಇಷ್ಪೆಮಿಂಗ್ ಎಂಬ ಕಬ್ಬಿಣದ ಗಣಿಯೂರಿನಲ್ಲಿ. ಮನೆಮಾತು ಸ್ವೀಡಿಷ್, ಇಂಗ್ಲಿಷ್ ಬಂದದ್ದು ಆಮೇಲೆ. ತಂದೆ ಯಂತ್ರಕಾರ್ಮಿಕ. ಹುಡುಗನಿಗೆ ಹತ್ತು ವರ್ಷವಾದಾಗ ಮನೆಯವರೆಲ್ಲ ಲಾಸ್ ಏಂಜಲೀಸ್ ಹತ್ತಿರಕ್ಕೆ ವಲಸೆ ಬಂದರು. ಮಗ ಲೆಕ್ಕಪತ್ರದ ಕೆಲಸ ಕಲಿತು ಎಲ್ಲಾದರೂ ನೆಲೆ ನಿಂತರೆ ಸಾಕು ಎಂಬುದು ತಾಯಿಯ ಆಸೆ. ಪ್ರೌಢಶಾಲೆಯಲ್ಲಿ ಆತ ಮೊದಲು ಆರಿಸಿಕೊಂಡಿದ್ದು ಸಾಹಿತ್ಯ. ವಿಶ್ವವಿದ್ಯಾಲಯ ಸೇರಬೇಕಾದರೆ ಒಂದಾದರೂ ಪ್ರಯೋಗಾಲಯದ ವಿಷಯ ಬೇಕೇ ಬೇಕು ಎಂಬ ನಿಯಮವಿತ್ತು. ಅದಕ್ಕಾಗಿ ಒಲ್ಲದ ಮನಸ್ಸಿನಿಂದ ರಸಾಯನಶಾಸ್ತ್ರ ತೆಗೆದುಕೊಂಡರು. ಪಾಠ ಮಾಡಿದವರು ಡ್ವೈಟ್ ಲೋಗನ್ ರೀಡ್ ಎಂಬ ಶಿಕ್ಷಕರು. ಸೀಬೋರ್ಗ್ ಮುಂದೆ ಎಷ್ಟೇ ದೊಡ್ಡವರಾದರೂ ಈ ಹೆಸರು ಹೇಳುವುದನ್ನು ಬಿಡಲಿಲ್ಲ. ನೀವೂ ಶಿಕ್ಷಕರಾದ್ದರಿಂದ ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಬಂದರಿನಲ್ಲಿ ಸರಕು ಹೊತ್ತು, ಟೈರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿ ಮಾಡಿ, ತೋಟದಲ್ಲಿ ಏಪ್ರಿಕಾಟ್ ಹಣ್ಣು ಕಿತ್ತು ಓದಿನ ಖರ್ಚು ಹೊಂದಿಸಿಕೊಂಡರು. 1934ರಲ್ಲಿ ಲಾಸ್ ಏಂಜಲೀಸಿನಲ್ಲಿ ಪದವಿ, 1937ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಡಾಕ್ಟರೇಟ್.

ಆಗಿನ ಬರ್ಕ್ಲಿಯಲ್ಲಿ ಅರ್ನೆಸ್ಟ್ ಲಾರೆನ್ಸ್ ಅವರ ಸೈಕ್ಲೋಟ್ರಾನ್, ಅಂದರೆ ಕಣಗಳಿಗೆ ವೇಗ ಕೊಡುವ ಯಂತ್ರ, ಹಗಲು ರಾತ್ರಿ ಓಡುತ್ತಿತ್ತು. ಅದರಿಂದ ಹೊರಬರುವ ಗುರಿಫಲಕಗಳಲ್ಲಿ ಏನೇನು ಹುಟ್ಟಿದೆ ಎಂದು ಬಿಡಿಸಿ ಹೇಳುವ ರಸಾಯನಶಾಸ್ತ್ರಜ್ಞರು ಮಾತ್ರ ಕಡಿಮೆ. ಜಾಕ್ ಲಿವಿಂಗುಡ್ ಎಂಬ ಭೌತವಿಜ್ಞಾನಿ ಹೊಡೆಯುವುದು, ಸೀಬೋರ್ಗ್ ಬಿಡಿಸುವುದು, ಹೀಗೆ ಜೋಡಿ ಕೆಲಸ ಶುರುವಾಯಿತು. ಒಂದು ದಿನ ಜೋಸೆಫ್ ಹ್ಯಾಮಿಲ್ಟನ್ ಎಂಬ ವೈದ್ಯರು ಬಂದು, ಥೈರಾಯ್ಡ್ ಅಧ್ಯಯನಕ್ಕೆ ತಮ್ಮ ಬಳಿ ಇರುವ ವಿಕಿರಣಶೀಲ ಅಯೋಡಿನ್ 25 ನಿಮಿಷಕ್ಕೇ ಅರ್ಧ ಕರಗಿಹೋಗುತ್ತದೆ ಎಂದು ಗೋಳು ಹೇಳಿಕೊಂಡರು. ಎಷ್ಟು ದಿನದ್ದು ಬೇಕು ಎಂದು ಸೀಬೋರ್ಗ್ ಕೇಳಿದರು. ಒಂದು ವಾರದ್ದಾದರೆ ಅನುಕೂಲ ಎಂದರು ವೈದ್ಯರು. 1938ರಲ್ಲಿ ಲಿವಿಂಗುಡ್ ಮತ್ತು ಸೀಬೋರ್ಗ್ ಕಂಡುಹಿಡಿದ ಅಯೋಡಿನ್-131ರ ಅರ್ಧಾಯು 8 ದಿನ! ಅಳತೆ ಕೊಟ್ಟು ಹೊಲಿಸಿದ ಹಾಗಾಯಿತು. ಮುಂದೆ ಸೀಬೋರ್ಗ್ ಅವರ ತಾಯಿಯ ಥೈರಾಯ್ಡ್ ಕಾಯಿಲೆಗೂ ಇದೇ ಅಯೋಡಿನ್‌ನಿಂದ ಚಿಕಿತ್ಸೆಯಾಯಿತು. ಕೋಬಾಲ್ಟ್-60 ಇದೇ ಜೋಡಿಯದ್ದು. ಆಸ್ಪತ್ರೆಗಳ ಸ್ಕ್ಯಾನಿಂಗ್ ವಿಭಾಗದಲ್ಲಿ ಇಂದಿಗೂ ಬಳಸುವ ಟೆಕ್ನೀಶಿಯಂ-99ಎಂ ಕೂಡ ಅದೇ ವರ್ಷ ಎಮಿಲಿಯೋ ಸೆಗ್ರೆ ಜೊತೆ ಸೇರಿ ಕಂಡುಹಿಡಿದದ್ದು. ಪ್ಲುಟೋನಿಯಂ ಒಂದನ್ನೇ ಹಿಡಿದು ಇವರನ್ನು ಅಳೆಯುವವರು ಈ ಮೂರನ್ನು ಮರೆತೇಬಿಡುತ್ತಾರೆ.

ಈಗ ಒಂದು ಗೊಂದಲದ ಕಥೆ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಆ ಕಾಲದ ಆವರ್ತ ಕೋಷ್ಟಕದಲ್ಲಿ ಥೋರಿಯಂ ಇದ್ದದ್ದು ಹಾಫ್ನಿಯಂ ಕೆಳಗೆ, ಪ್ರೊಟಾಕ್ಟಿನಿಯಂ ಟ್ಯಾಂಟಲಂ ಕೆಳಗೆ, ಯುರೇನಿಯಂ ಟಂಗ್‌ಸ್ಟನ್ ಕೆಳಗೆ. ಕೆಳಗೆ ಬೇರೆಯಾಗಿ ಇದ್ದದ್ದು ಲ್ಯಾಂಥನೈಡ್‌ಗಳ (ಲ್ಯಾಂಥನಂ ನಂತರ ಬರುವ ಧಾತುಗಳ) ಒಂದೇ ಸಾಲು. ಆ ಲೆಕ್ಕದಲ್ಲಿ ಯುರೇನಿಯಂ ಆಚೆಗಿನ 93ನೇ ಧಾತು ಸಿಕ್ಕರೆ ಅದು ರೀನಿಯಂ ತರಹ, 94 ಸಿಕ್ಕರೆ ಆಸ್ಮಿಯಂ ತರಹ ನಡೆದುಕೊಳ್ಳಬೇಕು. ಬರ್ಲಿನ್‌ನಲ್ಲಿ ಓಟೋ ಹಾನ್, ಲೀಸೆ ಮೈಟ್ನರ್, ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ಹೊಡೆದಾಗ ಅಂಥ ಗುಣದ ವಸ್ತುಗಳೇ ಸಿಕ್ಕಂತೆ ಕಂಡಿತು. ಹೊಸ ಧಾತುಗಳು ಸಿಕ್ಕವು ಎಂದು ವರ್ಷಗಟ್ಟಲೆ ನಂಬಿದರು. ಸೀಬೋರ್ಗ್ ವಿದ್ಯಾರ್ಥಿಯಾಗಿದ್ದಾಗ ಈ ‘ಹೊಸ ಧಾತು’ಗಳ ಬಗ್ಗೆಯೇ ವಿಭಾಗದಲ್ಲಿ ಉಪನ್ಯಾಸ ಕೊಟ್ಟಿದ್ದರು. 1938ರ ಡಿಸೆಂಬರಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಸೂಕ್ಷ್ಮವಾಗಿ ನೋಡಿದಾಗ ಸಿಕ್ಕಿದ್ದು ಬೇರಿಯಂ. ಹುಟ್ಟಿದ್ದು ಹೊಸ ಧಾತುವಲ್ಲ, ಯುರೇನಿಯಂ ಬೀಜವೇ ಒಡೆದು ಹೋಳಾಗಿತ್ತು, ಅದೇ ವಿದಳನ. ಸುದ್ದಿ 1939ರ ಜನವರಿಯಲ್ಲಿ ಬರ್ಕ್ಲಿಗೆ ಬಂದ ದಿನ ಸೀಬೋರ್ಗ್ ಗಂಟೆಗಟ್ಟಲೆ ಬೀದಿ ಸುತ್ತಿದರಂತೆ. ಸಂಭ್ರಮ ಒಂದು ಕಡೆ. ಇಷ್ಟು ದಿನ ಕಣ್ಣೆದುರಿಗಿದ್ದದ್ದು ತನಗೇಕೆ ಹೊಳೆಯಲಿಲ್ಲ ಎಂಬ ಸಂಕಟ ಇನ್ನೊಂದು ಕಡೆ.

ನಿಜವಾದ 93ನೇ ಧಾತುವನ್ನು 1940ರಲ್ಲಿ ಬರ್ಕ್ಲಿಯಲ್ಲೇ ಎಡ್ವಿನ್ ಮ್ಯಾಕ್‌ಮಿಲನ್ ಮತ್ತು ಫಿಲಿಪ್ ಏಬಲ್‌ಸನ್ ಹಿಡಿದರು. ಹೆಸರು ನೆಪ್ಚೂನಿಯಂ. ಅದು ರೀನಿಯಂ ತರಹ ಒಂಚೂರೂ ಇರಲಿಲ್ಲ, ಯುರೇನಿಯಂ ತರಹ ಇತ್ತು. ಕೋಷ್ಟಕದಲ್ಲಿ ಎಲ್ಲೋ ತಪ್ಪಿದೆ ಎಂಬುದಕ್ಕೆ ಇದು ಮೊದಲ ಸೂಚನೆ. ಯಾರೂ ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ. ಮ್ಯಾಕ್‌ಮಿಲನ್ 94ರ ಹುಡುಕಾಟ ಶುರು ಮಾಡಿದ್ದರು, ಅಷ್ಟರಲ್ಲಿ ರಾಡಾರ್ ಕೆಲಸಕ್ಕೆ ದೇಶದ ಇನ್ನೊಂದು ಅಂಚಿಗೆ ಹೋಗಬೇಕಾಯಿತು. ಸೀಬೋರ್ಗ್ ಪತ್ರ ಬರೆದು, ನಿಮ್ಮ ಕೆಲಸವನ್ನು ನಾವು ಮುಂದುವರಿಸಬಹುದೇ ಎಂದು ಕೇಳಿ ಒಪ್ಪಿಗೆ ಪಡೆದರು. ಜೊತೆಗೆ ಇದ್ದವರು ಜೋಸೆಫ್ ಕೆನಡಿ ಮತ್ತು ಸಂಶೋಧನ ವಿದ್ಯಾರ್ಥಿ ಆರ್ಥರ್ ವಾಲ್. 1940ರ ಡಿಸೆಂಬರ್ 14ರಂದು ಯುರೇನಿಯಂಗೆ ಡ್ಯೂಟೆರಾನ್ (ಭಾರ ಹೈಡ್ರೋಜನ್‌ನ ಬೀಜ) ಹೊಡೆದರು. ಮೊದಲು ಹುಟ್ಟಿದ್ದು ನೆಪ್ಚೂನಿಯಂ-238. ಅದು ಕ್ಷಯಿಸಿದ ಹಾಗೆಲ್ಲ ಆಲ್ಫಾ ಕಣ ಉಗುಳುವ ಯಾವುದೋ ಒಂದು ವಸ್ತು ಹೆಚ್ಚುತ್ತಾ ಬಂತು. 94ನೇ ಧಾತುವೇ ಇರಬೇಕು ಎಂಬ ಗುಮಾನಿ. ಆದರೆ ಅದು ಹೋದಲ್ಲೆಲ್ಲ ಥೋರಿಯಂ ಜೊತೆಗೇ ಹೋಗುತ್ತಿತ್ತು. ಥೋರಿಯಂನದೇ ಒಂದು ಸಮಸ್ಥಾನಿ (ತೂಕ ಬೇರೆಯಾದ ಅದೇ ಧಾತು, ಐಸೋಟೋಪ್) ಅಲ್ಲ ಎಂದು ಸಾಧಿಸುವುದು ಹೇಗೆ? ದಾರಿ ಹೊಳೆದದ್ದು ಉತ್ಕರ್ಷಣದಲ್ಲಿ. ಪರ್‌ಸಲ್ಫೇಟ್‌ನಂಥ ಪ್ರಬಲ ಉತ್ಕರ್ಷಣಕಾರಿ ಹಾಕಿದರೆ ಥೋರಿಯಂಗೆ ಏನೂ ಆಗದು. ಈ ಅಪರಿಚಿತ ವಸ್ತು ಎಲೆಕ್ಟ್ರಾನ್ ಕಳೆದುಕೊಂಡು ಬೇರೆ ಸ್ಥಿತಿಗೆ ಹೋದರೆ ಇಬ್ಬರ ದಾರಿ ಬೇರೆಯಾಗಬೇಕು. 1941ರ ಫೆಬ್ರುವರಿ 23ರ ರಾತ್ರಿ, ಗಿಲ್ಮನ್ ಹಾಲ್ ಕಟ್ಟಡದ 307ನೇ ಕೋಣೆಯಲ್ಲಿ ವಾಲ್ ಈ ಪ್ರಯೋಗ ಮಾಡಿದರು. ಥೋರಿಯಂ ಫ್ಲೋರೈಡ್ ಆಗಿ ತಳಕ್ಕಿಳಿಯಿತು; ಆಲ್ಫಾ ಸದ್ದು ಮೇಲೆ ದ್ರಾವಣದಲ್ಲೇ ಉಳಿಯಿತು. 24ರ ನಸುಕಿಗೆ 94ನೇ ಧಾತು ಖಾತ್ರಿಯಾಯಿತು. ಯಂತ್ರ ಭೌತವಿಜ್ಞಾನಿಯದು, ತೀರ್ಪು ಕೊಟ್ಟದ್ದು ಪ್ರನಾಳ.

ನೆಪ್ಚೂನ್ ಆಚೆಗಿನ ಪ್ಲೂಟೋ ಹೆಸರಿನಿಂದ ಪ್ಲುಟೋನಿಯಂ ಎಂದಾಯಿತು. ಸಂಕೇತ ‘ಪಿಎಲ್’ ಆಗಬೇಕಿತ್ತು. ಮಕ್ಕಳು ದುರ್ವಾಸನೆಗೆ ಮೂಗು ಮುಚ್ಚಿಕೊಂಡು ‘ಪೀಯೂ’ ಎನ್ನುವುದನ್ನು ನೆನೆದು ಸೀಬೋರ್ಗ್ ತಮಾಷೆಗೆ ‘ಪಿಯು’ ಎಂದಿಟ್ಟರು. ಸಮಿತಿಯವರು ತಕರಾರು ತೆಗೆಯುತ್ತಾರೆ ಎಂದು ಕಾದರು, ಯಾರೂ ತುಟಿಪಿಟಿಕ್ಕೆನ್ನಲಿಲ್ಲ. ಮಾರ್ಚ್ 28ರಂದು ಸೆಗ್ರೆ, ಕೆನಡಿ ಜೊತೆ ಸೇರಿ ಅರ್ಧ ಮೈಕ್ರೋಗ್ರಾಂನಷ್ಟು ಪ್ಲುಟೋನಿಯಂ-239 ಇಟ್ಟುಕೊಂಡು, ನಿಧಾನಗತಿಯ ನ್ಯೂಟ್ರಾನಿಗೆ ಅದು ವಿದಳನಗೊಳ್ಳುತ್ತದೆ ಎಂದು ತೋರಿಸಿದರು. ಆ ಮಾದರಿಯನ್ನು ಎತ್ತಿಟ್ಟದ್ದು ಬರ್ಕ್ಲಿಯ ಹಿರಿಯ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಲೂಯಿಸ್ ಅವರ ಖಾಲಿ ಸಿಗಾರ್ ಪೆಟ್ಟಿಗೆಯಲ್ಲಿ. ಯುದ್ಧದ ಕಾರಣ ಪ್ರಬಂಧಗಳನ್ನು ಪತ್ರಿಕೆಗೆ ಕಳಿಸಿಯೂ ತಡೆಹಿಡಿದರು. ಜಗತ್ತು ಅವನ್ನು ಓದಿದ್ದು 1946ರಲ್ಲಿ.

1942ರ ಏಪ್ರಿಲ್ 19ರಂದು, ಅಂದರೆ ತಮ್ಮ 30ನೇ ಹುಟ್ಟುಹಬ್ಬದ ದಿನ, ಸೀಬೋರ್ಗ್ ಶಿಕಾಗೋಗೆ ಬಂದಿಳಿದರು. ಬಾಂಬಿಗಾಗಿ ಪ್ಲುಟೋನಿಯಂ ಬೇರ್ಪಡಿಸುವ ರಾಸಾಯನಿಕ ವಿಧಾನ ರೂಪಿಸುವುದು ಅವರಿಗೆ ಒಪ್ಪಿಸಿದ ಕೆಲಸ. ಎರಡು ತಿಂಗಳಲ್ಲಿ ಮತ್ತೆ ಕ್ಯಾಲಿಫೋರ್ನಿಯಾಗೆ ಹೋಗಿ, ಲಾರೆನ್ಸ್ ಅವರ ಕಾರ್ಯದರ್ಶಿಯಾಗಿದ್ದ ಹೆಲೆನ್ ಗ್ರಿಗ್ಸ್ ಅವರನ್ನು ಕರೆದುಕೊಂಡು ಹೊರಟರು. ದಾರಿಯಲ್ಲಿ ನೆವಾಡಾದ ಕ್ಯಾಲಿಯೆಂಟಿ ಎಂಬ ಸಣ್ಣ ಊರಿನಲ್ಲಿ ರೈಲು ಇಳಿದು ಮದುವೆಯಾಗಿಬಿಡೋಣ ಎಂದುಕೊಂಡರೆ, ಅಲ್ಲಿ ಪರವಾನಗಿ ಕೊಡುವ ಕಚೇರಿಯೇ ಇಲ್ಲ. ಕೊನೆಗೆ ಅಂಚೆ ಲಾರಿ ಹತ್ತಿ ಪಿಯೋಚ್ ಎಂಬ ಊರಿಗೆ ಹೋಗಿ ಜೂನ್ 6ರಂದು ಮದುವೆಯಾದರು. ಸಾಕ್ಷಿ ಹಾಕಿದವರು ಅಲ್ಲಿದ್ದ ಗುಮಾಸ್ತೆ ಮತ್ತು ಕಟ್ಟಡದ ಕಸ ಗುಡಿಸುವವರು.

ಶಿಕಾಗೋದ ಕೆಲಸ ಎಂಥದ್ದೆಂದರೆ, ಕಣ್ಣಿಗೆ ಕಾಣದ ವಸ್ತುವಿನ ಗುಣ ತಿಳಿದು ಅದರ ಮೇಲೆ ಕಾರ್ಖಾನೆ ಕಟ್ಟಬೇಕು. ಆಗಸ್ಟ್ 20ರಂದು ಬರ್ರಿಸ್ ಕನ್ನಿಂಗ್‌ಹ್ಯಾಮ್ ಮತ್ತು ಲೂಯಿಸ್ ವರ್ನರ್ ಪ್ಲುಟೋನಿಯಂನ ಶುದ್ಧ ಸಂಯುಕ್ತವನ್ನು ಮೊದಲ ಬಾರಿಗೆ ಕಣ್ಣಿಗೆ ಕಾಣುವಂತೆ ಮಾಡಿದರು. ಸೆಪ್ಟೆಂಬರ್ 10ರಂದು ಅದರ ಆಕ್ಸೈಡನ್ನು ತೂಗಿದಾಗ ಬಂದದ್ದು 2.77 ಮೈಕ್ರೋಗ್ರಾಂ. ಸಾಧಾರಣ ತಕ್ಕಡಿಯಲ್ಲಿ ಇದು ಆಗದ ಮಾತು; ಕೂದಲಿಗಿಂತ ತೆಳುವಾದ ಸ್ಫಟಿಕದ ಎಳೆಯ ತುದಿಗೆ ಇಟ್ಟು, ಎಳೆ ಎಷ್ಟು ಬಾಗಿತು ಎಂದು ಸೂಕ್ಷ್ಮದರ್ಶಕದಲ್ಲಿ ಅಳೆದರು. ಕಾಣದ ವಸ್ತುವನ್ನು ಕಾಣದ ತಕ್ಕಡಿಯಲ್ಲಿ ತೂಗುತ್ತಿದ್ದಾರೆ ಎಂದು ನೋಡಿದವರು ನಗೆಯಾಡುತ್ತಿದ್ದರು.

ವಿಧಾನ ಸಿಕ್ಕಿದ್ದು ಸೀಬೋರ್ಗ್ ಅವರ ಪ್ರೌಢಶಾಲೆಯ ಸಹಪಾಠಿ ಸ್ಟ್ಯಾನ್ಲಿ ಥಾಂಪ್ಸನ್ ಅವರಿಗೆ. ನೀವು ತರಗತಿಯಲ್ಲಿ ಉತ್ಕರ್ಷಣ–ಅಪಕರ್ಷಣ ಪಾಠ ಮಾಡುವಾಗ ಇದನ್ನು ಹೇಳಬಹುದು, ನಾನು ಕಂಡಂತೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ರಿಯಾಕ್ಟರಿನಿಂದ ಬಂದ ಯುರೇನಿಯಂ ಕಡ್ಡಿಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅದರಲ್ಲಿ ಬಿಸ್ಮತ್ ಫಾಸ್ಫೇಟ್ ಪ್ರಕ್ಷೇಪ ಉಂಟಾಗುವಂತೆ ಮಾಡಬೇಕು. ಪ್ಲುಟೋನಿಯಂ +4 ಸ್ಥಿತಿಯಲ್ಲಿದ್ದರೆ (ಅಂದರೆ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡಿದ್ದರೆ) ಆ ಪ್ರಕ್ಷೇಪಕ್ಕೆ ಅಂಟಿಕೊಂಡು ತಳಕ್ಕೆ ಬರುತ್ತದೆ, ಯುರೇನಿಯಂ ಮೇಲೆ ಉಳಿಯುತ್ತದೆ. ಪ್ರಕ್ಷೇಪವನ್ನು ಮತ್ತೆ ಕರಗಿಸಿ ಪ್ಲುಟೋನಿಯಂ ಅನ್ನು +6ಕ್ಕೆ ಉತ್ಕರ್ಷಿಸಿ, ಮತ್ತೊಮ್ಮೆ ಬಿಸ್ಮತ್ ಫಾಸ್ಫೇಟ್ ಇಳಿಸಿದರೆ ಈ ಸಲ ಕಸವೆಲ್ಲ ತಳಕ್ಕೆ, ಪ್ಲುಟೋನಿಯಂ ಮೇಲೆ. ಅಪಕರ್ಷಿಸಿ +4ಕ್ಕೆ ತಂದರೆ ಪುನಃ ತಳಕ್ಕೆ. ಹೀಗೆ ಇಳಿಸಿ ಹತ್ತಿಸಿ, ಇಳಿಸಿ ಹತ್ತಿಸಿ ಶುದ್ಧ ಮಾಡುವುದು. ಮೈಕ್ರೋಗ್ರಾಂಗಳಲ್ಲಿ ಕಲಿತ ಈ ಪಾಠವನ್ನು ಸುಮಾರು ನೂರು ಕೋಟಿ ಪಟ್ಟು ಹಿಗ್ಗಿಸಿ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ಕಾರ್ಖಾನೆ ಕಟ್ಟಿದರು. ದಪ್ಪ ಕಾಂಕ್ರೀಟ್ ಗೋಡೆಗಳಾಚೆ ನಿಂತು, ಎಲ್ಲವನ್ನೂ ದೂರದಿಂದಲೇ ನಡೆಸುವ ಕಾರ್ಖಾನೆ. 1944ರ ಡಿಸೆಂಬರಿನಲ್ಲಿ ಅದು ಓಡಲು ತೊಡಗಿತು, ವಿಧಾನ ಕೈಕೊಡಲಿಲ್ಲ.

ಹ್ಯಾನ್‌ಫರ್ಡ್ ಇಂಜಿನಿಯರುಗಳ ಕೈಗೆ ಹೋದ ಮೇಲೆ ಸೀಬೋರ್ಗ್ 95 ಮತ್ತು 96ನೇ ಧಾತುಗಳ ಬೆನ್ನು ಹತ್ತಿದರು. ನಿಮ್ಮ ಎರಡು ಸಾಲಿನ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಪ್ಲುಟೋನಿಯಂ +6ಕ್ಕೆ ಉತ್ಕರ್ಷಣಗೊಳ್ಳುತ್ತದೆ, ಹಾಗಾದರೆ ಪಕ್ಕದವೂ ಹಾಗೇ ಮಾಡುತ್ತವೆ ಎಂದು ನಂಬಿ ಮಾದರಿಗಳನ್ನು ಉತ್ಕರ್ಷಿಸಿ ಹುಡುಕಿದರು. ಏನೂ ಸಿಗಲಿಲ್ಲ. ತಿಂಗಳುಗಳು ಕಳೆದವು. ಆಗ ಸೀಬೋರ್ಗ್ ಪ್ರಶ್ನೆಯನ್ನೇ ತಿರುಗಿಸಿದರು: ಧಾತು ಸಿಗದಿರುವುದು ಪ್ರಯೋಗದ ತಪ್ಪಿನಿಂದಲ್ಲ, ಕೋಷ್ಟಕದ ತಪ್ಪಿನಿಂದ ಇರಬಹುದಲ್ಲ? ಲ್ಯಾಂಥನಂ ಆದಮೇಲೆ 14 ಧಾತುಗಳು ಒಳಗಿನ ಎಲೆಕ್ಟ್ರಾನ್ ಕವಚ ತುಂಬಿಕೊಳ್ಳುತ್ತಾ, ಹೊರಗೆ ಎಲ್ಲವೂ +3ರ ಒಂದೇ ಮುಖ ತೋರುತ್ತವೆ. ಆಕ್ಟಿನಿಯಂ ಆದಮೇಲೂ ಅದೇ ನಡೆಯುತ್ತಿದ್ದರೆ? ಆಗ ಥೋರಿಯಂ, ಪ್ರೊಟಾಕ್ಟಿನಿಯಂ, ಯುರೇನಿಯಂ ಮೂವರನ್ನೂ ಮೇಲಿನ ಮನೆಗಳಿಂದ ಎಬ್ಬಿಸಿ ಲ್ಯಾಂಥನೈಡ್‌ಗಳ ಕೆಳಗೆ ಹೊಸ ಸಾಲಿನಲ್ಲಿ ಕೂರಿಸಬೇಕು. 95 ಮತ್ತು 96 ಎಷ್ಟು ಉತ್ಕರ್ಷಿಸಿದರೂ ಜಗ್ಗದೆ +3ರಲ್ಲೇ ಕೂತಿರಬೇಕು. 1944ರ ಬೇಸಿಗೆಯಲ್ಲಿ ಹಾಗೆ ಹುಡುಕಿದಾಗ 96 ಸಿಕ್ಕಿತು. ಕೆಲವೇ ತಿಂಗಳಲ್ಲಿ 95 ಸಿಕ್ಕಿತು. ಆಲ್ಬರ್ಟ್ ಗಿಯೋರ್ಸೊ, ರಾಲ್ಫ್ ಜೇಮ್ಸ್, ಟಾಮ್ ಮಾರ್ಗನ್ ಜೊತೆಗಿದ್ದರು. ಎರಡೂ ಲ್ಯಾಂಥನೈಡ್‌ಗಳ ಜೊತೆಗೇ, ಒಂದರೊಡನೊಂದು ಅಂಟಿಕೊಂಡೇ ಇಳಿಯುತ್ತಿದ್ದರಿಂದ ಬಿಡಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವಕ್ಕೆ ‘ಪ್ಯಾಂಡಿಮೋನಿಯಂ’, ‘ಡೆಲಿರಿಯಂ’ ಎಂದು ಅಡ್ಡಹೆಸರಿಟ್ಟಿದ್ದರು, ಒಂದು ಕೋಲಾಹಲ, ಇನ್ನೊಂದು ಸನ್ನಿ.

ಹೊಸ ಕೋಷ್ಟಕವನ್ನು ಪ್ರಕಟಿಸಲು ಹೊರಟಾಗ ಹಿರಿಯ ರಸಾಯನಶಾಸ್ತ್ರಜ್ಞರು ಬೇಡವೆಂದರು. ಮಾನ ಹೋಗುತ್ತದೆ ಎಂದು ಎಚ್ಚರಿಸಿದರು. ನನಗೆ ಹೋಗಲು ಯಾವ ಮಾನವೂ ಆಗ ಇರಲಿಲ್ಲ, ಹಾಗಾಗಿ ಪ್ರಕಟಿಸಿದೆ ಎಂಬ ಅರ್ಥದ ಮಾತನ್ನು ಸೀಬೋರ್ಗ್ ಮುಂದೆ ಆಡುತ್ತಿದ್ದರು. 1945ರ ಡಿಸೆಂಬರಿನಲ್ಲಿ ಅದು ಅಚ್ಚಾಯಿತು. ನಿಮ್ಮ ಶಾಲೆಯ ಗೋಡೆಯ ಮೇಲೆ ಆಕ್ಟಿನೈಡ್ ಸಾಲು ಇರುವುದು ಅದರಿಂದ. ಹೆಸರಿಡುವಾಗಲೂ ಮೇಲಿನ ಸಾಲನ್ನೇ ನೋಡಿದರು: ಯುರೋಪಿಯಂ ಕೆಳಗೆ ಅಮೆರಿಷಿಯಂ, ವಿರಳ ಧಾತುಗಳ ಅಧ್ಯಯನ ಆರಂಭಿಸಿದ ಗ್ಯಾಡೋಲಿನ್ ಹೆಸರಿನ ಗ್ಯಾಡೋಲಿನಿಯಂ ಕೆಳಗೆ ಕ್ಯೂರಿ ದಂಪತಿಯ ಹೆಸರಿನ ಕ್ಯೂರಿಯಂ.

ಈ ಎರಡು ಧಾತುಗಳ ಸುದ್ದಿ ಹೊರಬಿದ್ದ ಬಗೆ ಮಕ್ಕಳಿಗೆ ಹಿಡಿಸುತ್ತದೆ. 1945ರ ನವೆಂಬರ್ 11ರಂದು ಸೀಬೋರ್ಗ್ ಮಕ್ಕಳ ರಸಪ್ರಶ್ನೆಯ ರೇಡಿಯೋ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋಗಿದ್ದರು. ನೆಪ್ಚೂನಿಯಂ, ಪ್ಲುಟೋನಿಯಂ ಬಿಟ್ಟು ಬೇರೆ ಹೊಸ ಧಾತು ಏನಾದರೂ ಸಿಕ್ಕಿದೆಯೇ ಎಂದು ಒಬ್ಬ ಹುಡುಗ ಕೇಳಿಬಿಟ್ಟ. ವಿಜ್ಞಾನಿಗಳ ಸಭೆಯಲ್ಲಿ ಅಧಿಕೃತ ಪ್ರಕಟಣೆಗೆ ಇನ್ನೂ ಐದು ದಿನ ಇತ್ತು, ಆದರೆ ಗೋಪ್ಯತೆ ತೆರವಾಗಿತ್ತು. ಸಿಕ್ಕಿದೆ, 95 ಮತ್ತು 96 ಎಂದರು ಸೀಬೋರ್ಗ್. ಶಾಲೆಯಲ್ಲಿ ಹೇಳಿ ಎಂದೂ ಸೇರಿಸಿದರು. ಹೇಳಿದರೆ ಟೀಚರ್ ನಂಬಲಿಲ್ಲ ಎಂದು ಆಮೇಲೆ ಮಕ್ಕಳಿಂದ ಪತ್ರಗಳು ಬಂದವಂತೆ. ಅಮೆರಿಷಿಯಂಗೆ ಸೀಬೋರ್ಗ್ ಪೇಟೆಂಟ್ ಕೂಡ ತೆಗೆದುಕೊಂಡರು. ಅದರ ಹಕ್ಕುಕೋರಿಕೆಯಲ್ಲಿ ಇರುವುದು ‘ಧಾತು 95’ ಎಂಬ ಎರಡೇ ಪದ. ಹೊಗೆ ಕಂಡರೆ ಕೂಗುವ ಎಷ್ಟೋ ಎಚ್ಚರಿಕೆ ಸಾಧನಗಳಲ್ಲಿ ಇರುವ ಚಿಟಿಕೆಯಷ್ಟು ವಿಕಿರಣಶೀಲ ವಸ್ತು ಇದರದೇ ಸಮಸ್ಥಾನಿ, ಅಮೆರಿಷಿಯಂ-241.

ಬಾಂಬಿನ ವಿಷಯಕ್ಕೆ ಬರೋಣ. 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದಲ್ಲಿ ಪರೀಕ್ಷಿಸಿದ್ದು, ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಹಾಕಿದ್ದು, ಎರಡೂ ಪ್ಲುಟೋನಿಯಂ ಬಾಂಬುಗಳೇ. ಎರಡರಲ್ಲೂ ಇದ್ದದ್ದು ಹ್ಯಾನ್‌ಫರ್ಡ್‌ನಲ್ಲಿ ಬಿಸ್ಮತ್ ಫಾಸ್ಫೇಟ್ ಹಾದು ಬಂದ ಲೋಹ. ಜೂನ್ ತಿಂಗಳಲ್ಲಿ ಶಿಕಾಗೋದ ಏಳು ವಿಜ್ಞಾನಿಗಳು ಜೇಮ್ಸ್ ಫ್ರಾಂಕ್ ಅವರ ಮುಂದಾಳತ್ವದಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿದ್ದರು: ಜಪಾನಿನ ಮೇಲೆ ಎಚ್ಚರಿಕೆಯಿಲ್ಲದೆ ಹಾಕಬೇಡಿ, ಮರುಭೂಮಿಯಲ್ಲೋ ಬರಡು ದ್ವೀಪದಲ್ಲೋ ಜಗತ್ತಿನ ಎದುರು ಸಿಡಿಸಿ ತೋರಿಸಿ, ಇಲ್ಲದಿದ್ದರೆ ಶಸ್ತ್ರಾಸ್ತ್ರಗಳ ಪೈಪೋಟಿ ಶುರುವಾಗುತ್ತದೆ. ಆ ಏಳು ಸಹಿಗಳಲ್ಲಿ ಸೀಬೋರ್ಗ್ ಅವರದೂ ಒಂದು. ವರದಿ ಕಡತ ಸೇರಿತು. ಹಾಗೆಂದು ಅವರನ್ನು ಶಾಂತಿದೂತ ಎಂದು ಬಣ್ಣಿಸಲು ನನಗೆ ಮನಸ್ಸಿಲ್ಲ. 1949ರಲ್ಲಿ ಹೈಡ್ರೋಜನ್ ಬಾಂಬ್ ಬೇಕೇ ಎಂಬ ಚರ್ಚೆ ಎದ್ದಾಗ ಅಣುಶಕ್ತಿ ಆಯೋಗದ ಸಲಹಾ ಸಮಿತಿಯ ಉಳಿದವರು ವಿರೋಧಿಸಿದರು; ಪರದೇಶದಲ್ಲಿದ್ದ ಸೀಬೋರ್ಗ್ ಮೊದಲೇ ಬರೆದಿಟ್ಟ ಪತ್ರದಲ್ಲಿ, ಇದು ಖೇದದ ಸಂಗತಿ, ಆದರೂ ಬೇಡವೆಂಬ ತೀರ್ಮಾನಕ್ಕೆ ಬರಲಾಗುತ್ತಿಲ್ಲ ಎಂದಿದ್ದರು. ಸರ್ಕಾರದ ಒಳಗಿದ್ದು, ಸಾಧ್ಯವಾದಷ್ಟು ಬ್ರೇಕ್ ಹಾಕುವ ಜಾಯಮಾನ ಅವರದು. ಬಾಗಿಲು ಬಡಿದು ಹೊರಗೆ ನಡೆಯುವ ಭೌತವಿಜ್ಞಾನಿ ಲಿಯೋ ಸಿಲಾರ್ಡ್ ತರಹದ್ದಲ್ಲ.

ಯುದ್ಧ ಮುಗಿದ ಮೇಲೆ ಬರ್ಕ್ಲಿಗೆ ಮರಳಿದರು. 1949ರ ಕೊನೆಗೆ 97, 1950ರ ಆರಂಭದಲ್ಲಿ 98. ಬರ್ಕೀಲಿಯಂ, ಕ್ಯಾಲಿಫೋರ್ನಿಯಂ ಎಂದು ಹೆಸರಿಟ್ಟಾಗ ನ್ಯೂಯಾರ್ಕಿನ ವಾರಪತ್ರಿಕೆಯೊಂದು ಕಾಲೆಳೆಯಿತು: ಮೊದಲು ಯೂನಿವರ್ಸಿಟಿಯಂ, ಆಫಿಯಂ ಎಂದಿಟ್ಟು ಈ ಎರಡನ್ನು ಕೊನೆಗೆ ಉಳಿಸಿಕೊಂಡಿದ್ದರೆ ‘ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಬರ್ಕ್ಲಿ’ ಎಂಬ ಪೂರ್ತಿ ವಿಳಾಸವೇ ಕೋಷ್ಟಕದಲ್ಲಿ ಕೂರುತ್ತಿತ್ತಲ್ಲ! ಹಾಗೆ ಮಾಡಿದ್ದರೆ ಮುಂದಿನೆರಡನ್ನು ಯಾರಾದರೂ ನ್ಯೂಯಿಯಂ, ಯಾರ್ಕಿಯಂ ಎಂದಿಡುವ ಅಪಾಯವಿತ್ತು ಎಂದು ಬರ್ಕ್ಲಿಯವರು ಉತ್ತರ ಕೊಟ್ಟರು. 1951ರಲ್ಲಿ ಸೀಬೋರ್ಗ್ ಮತ್ತು ಮ್ಯಾಕ್‌ಮಿಲನ್ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಸೀಬೋರ್ಗ್‌ಗೆ ಆಗ 39. ಮ್ಯಾಕ್‌ಮಿಲನ್ ಭೌತವಿಜ್ಞಾನಿ ಎಂಬುದನ್ನು ಗಮನಿಸಿ. ನಿಮ್ಮ ಸಂದೇಹಕ್ಕೆ ನೊಬೆಲ್ ಸಮಿತಿ ಕೊಟ್ಟ ಉತ್ತರ ಅದು.

99 ಮತ್ತು 100 ಸಿಕ್ಕಿದ್ದು ಪ್ರಯೋಗಾಲಯದಲ್ಲಲ್ಲ. 1952ರ ನವೆಂಬರ್ 1ರಂದು ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬಿನ ಮೋಡದೊಳಗೆ ವಿಮಾನಗಳು ಹಾರಿ ಸೋಸು ಕಾಗದದಲ್ಲಿ ಧೂಳು ಹಿಡಿದು ತಂದವು. ಆ ಧೂಳಿನಲ್ಲಿ ಐನ್‌ಸ್ಟೈನಿಯಂ ಮತ್ತು ಫರ್ಮಿಯಂ ಇದ್ದವು. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1955ರ 101ನೇ ಧಾತು. ಗುರಿಯಾಗಿ ಇಟ್ಟ ಐನ್‌ಸ್ಟೈನಿಯಂ ಸುಮಾರು ನೂರು ಕೋಟಿ ಪರಮಾಣು, ಅಂದರೆ ಕಣ್ಣಿಗೆ ಏನೂ ಅಲ್ಲ. ಆಲ್ಫಾ ಕಣ ಹೊಡೆದರೆ ಒಂದು ಸಲಕ್ಕೆ ಒಂದೋ ಎರಡೋ ಪರಮಾಣು ಹುಟ್ಟಬೇಕು, ಅದನ್ನು ಗಂಟೆಗಳೊಳಗೆ ಬಿಡಿಸಬೇಕು. ಗಿಯೋರ್ಸೊ ಮಾದರಿಯನ್ನು ಹಿಡಿದು ಗುಡ್ಡದ ಮೇಲಿನ ಪ್ರಯೋಗಾಲಯಕ್ಕೆ ಕಾರು ಓಡಿಸುತ್ತಿದ್ದರು. ಅಲ್ಲಿ ಅಯಾನ್ ವಿನಿಮಯದ ನಳಿಕೆಯಲ್ಲಿ ಸುರಿದರೆ ಆಕ್ಟಿನೈಡ್‌ಗಳು ಒಂದೊಂದಾಗಿ ತೊಟ್ಟಿಕ್ಕುತ್ತವೆ. ಮೇಲಿನ ಸಾಲಿನ ಲ್ಯಾಂಥನೈಡ್‌ಗಳು ಬರುವ ಅನುಕ್ರಮದಲ್ಲೇ. ಹೀಗಾಗಿ ಯಾರೂ ಕಂಡಿರದ 101ನೇ ಧಾತು ಯಾವ ಹನಿಯಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳಬಹುದಿತ್ತು! 1944ರಲ್ಲಿ ಹುಚ್ಚುತನ ಎನಿಸಿಕೊಂಡ ಕೋಷ್ಟಕ ಈಗ ಒಂದೇ ಒಂದು ಪರಮಾಣುವಿಗೆ ದಾರಿ ತೋರುತ್ತಿತ್ತು. ಎಣಿಕೆಯಂತ್ರಕ್ಕೆ ಗಿಯೋರ್ಸೊ ಕಟ್ಟಡದ ಅಗ್ನಿ ಎಚ್ಚರಿಕೆಯ ಗಂಟೆಯನ್ನೇ ಜೋಡಿಸಿದ್ದರು. ಪರಮಾಣು ಒಡೆದಾಗಲೆಲ್ಲ ಇಡೀ ಕಟ್ಟಡ ಢಣಢಣ ಎನ್ನುತ್ತಿತ್ತು. ಅಗ್ನಿಶಾಮಕದವರು ಬಂದು ಬೈದು ನಿಲ್ಲಿಸಿದರು. ಒಟ್ಟು 17 ಪರಮಾಣುಗಳು. ಖಾಲಿ ಮನೆ ಬಿಟ್ಟು ಭವಿಷ್ಯ ನುಡಿದ ರಷ್ಯಾದ ಮೆಂಡಲೀವ್ ನೆನಪಿಗೆ ಮೆಂಡಲೀವಿಯಂ ಎಂದು ಹೆಸರಿಟ್ಟರು, ಅದೂ ಶೀತಲ ಸಮರ ಕಾದಿದ್ದ ಹೊತ್ತಿನಲ್ಲಿ.

ಆಮೇಲಿನದು ಆಡಳಿತದ ಬದುಕು, ಅದನ್ನು ಬೇಗ ಮುಗಿಸುತ್ತೇನೆ. 1958ರಿಂದ 1961ರವರೆಗೆ ಬರ್ಕ್ಲಿಯ ಕುಲಪತಿ. 1961ರಲ್ಲಿ ಅಧ್ಯಕ್ಷ ಕೆನಡಿ ಫೋನ್ ಮಾಡಿ ಅಣುಶಕ್ತಿ ಆಯೋಗದ ಅಧ್ಯಕ್ಷತೆಗೆ ಕರೆದರು. ಹತ್ತು ವರ್ಷ ಅಲ್ಲಿದ್ದರು. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿಯಾದಾಗ ಅಮೆರಿಕದ ನಿಯೋಗದಲ್ಲಿದ್ದರು. ವಾತಾವರಣ, ಬಾಹ್ಯಾಕಾಶ, ನೀರಿನಾಳದ ಪರೀಕ್ಷೆಗಳು ನಿಷಿದ್ಧವಾದವು, ನೆಲದಡಿಯವು ಮುಂದುವರಿದವು. ಅವನ್ನೂ ನಿಲ್ಲಿಸಲಾಗಲಿಲ್ಲ ಎಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಅದೇ ಆಯೋಗ ಪರಮಾಣು ವಿದ್ಯುತ್ತನ್ನು ಪ್ರಚಾರ ಮಾಡುತ್ತಿತ್ತು, ಅದರ ಸುರಕ್ಷತೆಯನ್ನು ತಾನೇ ನೋಡಿಕೊಳ್ಳುತ್ತಿತ್ತು. ಬೇಲಿ ಯಾರದು, ಹೊಲ ಯಾರದು ಎಂಬ ವ್ಯತ್ಯಾಸವೇ ಇರಲಿಲ್ಲ. ಸೀಬೋರ್ಗ್ ಅವರ ಜೊತೆ ಯುರೇನಿಯಂ-233 ಕಂಡುಹಿಡಿದ ಶಿಷ್ಯ ಜಾನ್ ಗಾಫ್ಮನ್, ಕಡಿಮೆ ಪ್ರಮಾಣದ ವಿಕಿರಣದ ಅಪಾಯವನ್ನು ಆಯೋಗ ಕಡೆಗಣಿಸುತ್ತಿದೆ ಎಂದು 1969ರಿಂದ ಬಹಿರಂಗವಾಗಿ ತಿರುಗಿ ನಿಂತರು. ಗುರುವಿನ ಸಂಸ್ಥೆ ಶಿಷ್ಯನ ಮಾತನ್ನು ಎದುರಿಸಿದ ರೀತಿ ನನ್ನ ದೃಷ್ಟಿಯಲ್ಲಿ ಸೀಬೋರ್ಗ್ ಬದುಕಿನ ದುರ್ಬಲ ಅಧ್ಯಾಯ. ಆಯೋಗವನ್ನು 1974ರ ಕಾಯ್ದೆ ಎರಡಾಗಿ ಒಡೆಯಿತು. ಹದಿನಾಲ್ಕನೇ ವಯಸ್ಸಿನಿಂದ ತಪ್ಪದೆ ದಿನಚರಿ ಬರೆದ ಮನುಷ್ಯ ಅವರು. ಆಯೋಗದ ವರ್ಷಗಳ ಪುಟಗಳನ್ನು ಸರ್ಕಾರವೇ ಮುಂದೆ ರಹಸ್ಯ ಎಂದು ವಶಪಡಿಸಿಕೊಂಡು, ಅಲ್ಲಲ್ಲಿ ಕತ್ತರಿಸಿ ಹಿಂತಿರುಗಿಸಿತು. ಎಂಬತ್ತು ದಾಟಿದ ಮೇಲೂ ಅದಕ್ಕಾಗಿ ಜಗಳವಾಡುತ್ತಲೇ ಇದ್ದರು.

ಇನ್ನು ನಿಮ್ಮ ವಿದ್ಯಾರ್ಥಿನಿ ಕೇಳಿದ 106. ಅದನ್ನು 1974ರಲ್ಲಿ ಗಿಯೋರ್ಸೊ ತಂಡ ಬರ್ಕ್ಲಿಯಲ್ಲಿ ಸೃಷ್ಟಿಸಿತು, ಕ್ಯಾಲಿಫೋರ್ನಿಯಂಗೆ ಆಕ್ಸಿಜನ್ ಬೀಜ ಹೊಡೆದು. ತಂಡದಲ್ಲಿ ಸೀಬೋರ್ಗ್ ಕೂಡ ಇದ್ದರು. ಹೀಗೆ ಅವರ ಪಾಲಿರುವ ಧಾತುಗಳು ಹತ್ತು ಎಂದು ಎಣಿಸುತ್ತಾರೆ: 94ರಿಂದ 102, ಮತ್ತು 106, 102ರ ಬಗ್ಗೆ ಮಾತ್ರ ರಷ್ಯಾದ ದುಬ್ನಾ ತಂಡದ್ದೇ ಮೊದಲು ಎಂದು ಆಮೇಲೆ ತೀರ್ಮಾನವಾಯಿತು. 1994ರಲ್ಲಿ ಬರ್ಕ್ಲಿಯವರು ಸೀಬೋರ್ಗಿಯಂ ಎಂದು ಹೆಸರು ಸೂಚಿಸಿದಾಗ ಅಂತರರಾಷ್ಟ್ರೀಯ ಸಮಿತಿ ಬದುಕಿರುವವರ ಹೆಸರು ಕೂಡದು ಎಂದಿತು. ಐನ್‌ಸ್ಟೈನ್, ಫರ್ಮಿ ಹೆಸರುಗಳನ್ನು ಆರಿಸಿದಾಗ ಅವರಿಬ್ಬರೂ ಬದುಕಿದ್ದರಲ್ಲ ಎಂದು ಅಮೆರಿಕದವರು ವಾದಿಸಿದರು. ಹಗ್ಗಜಗ್ಗಾಟ ನಡೆದು 1997ರಲ್ಲಿ ಹೆಸರು ನಿಂತಿತು. ಆಮೇಲೆ ಸೀಬೋರ್ಗ್‌ಗೆ ಧಾತುಗಳ ಹೆಸರಲ್ಲೇ ಕಾಗದ ಬರೆಯಬಹುದಿತ್ತು: ಸೀಬೋರ್ಗಿಯಂ, ಲಾರೆನ್ಸಿಯಂ (ಅವರ ಪ್ರಯೋಗಾಲಯ), ಬರ್ಕೀಲಿಯಂ, ಕ್ಯಾಲಿಫೋರ್ನಿಯಂ, ಅಮೆರಿಷಿಯಂ. 1998ರ ಆಗಸ್ಟಿನಲ್ಲಿ ಬಾಸ್ಟನ್‌ನಲ್ಲಿ ರಸಾಯನಶಾಸ್ತ್ರಜ್ಞರ ಸಮ್ಮೇಳನಕ್ಕೆ ಹೋಗಿದ್ದಾಗ, ವ್ಯಾಯಾಮಕ್ಕೆಂದು ಮೆಟ್ಟಿಲು ಹತ್ತುವಾಗ ಪಾರ್ಶ್ವವಾಯು ಬಡಿಯಿತು. 1999ರ ಫೆಬ್ರುವರಿ 25ರಂದು ತೀರಿಕೊಂಡರು.

ಕೊನೆಯದಾಗಿ, ಕೋಷ್ಟಕದಲ್ಲಿ ಸೀಬೋರ್ಗಿಯಂ ಮೇಲೆ ಯಾರಿದ್ದಾರೆ ಎಂದು ಹುಡುಗಿಗೆ ನೋಡಲು ಹೇಳಿ. ಟಂಗ್‌ಸ್ಟನ್. 1944ರವರೆಗೆ ಯುರೇನಿಯಂ ಕೂತಿದ್ದ, ಸೀಬೋರ್ಗ್ ಎಬ್ಬಿಸಿ ಕಳಿಸಿದ್ದರಿಂದ ತೆರವಾದ ಮನೆ ಅದು. ಆ ಮನೆಗೆ ಹೊಸಬ ಹೊಂದುತ್ತಾನೋ ಇಲ್ಲವೋ ಎಂದು ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಬೆರಳೆಣಿಕೆಯ ಪರಮಾಣುಗಳನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದರು; ಫಲಿತಾಂಶ 1997ರಲ್ಲಿ ಪ್ರಕಟವಾಯಿತು, ಸೀಬೋರ್ಗ್ ಬದುಕಿದ್ದಾಗಲೇ. ಆಮ್ಲದಲ್ಲಿ ಕರಗಿಸಿ ಅಯಾನ್ ವಿನಿಮಯದ ನಳಿಕೆಗೆ ಬಿಟ್ಟರು. ಅಂಥ ನಳಿಕೆಯಲ್ಲಿ ಯುರೇನಿಯಂ ಅಂಟಿಕೊಂಡು ಒಳಗೇ ಉಳಿಯುತ್ತದೆ, ಟಂಗ್‌ಸ್ಟನ್ ದ್ರಾವಣದ ಜೊತೆ ಇಳಿದು ಬರುತ್ತದೆ. ಸೀಬೋರ್ಗಿಯಂ ಇಳಿದು ಬಂತು.